ವಾರಿಜಳ ವಾಂಗೀಬಾತ್

ಅಡುಗೆ ಮಾಡಿದವರ ಮನಸ್ಸಿನಲ್ಲಿದ್ದದ್ದು ಉಂಡವರಿಗೂ ಅಂಟತೊಡಗಿದ ಮೇಲೆ ಊರಿನವರೆಲ್ಲ ಯಂತ್ರದ ಊಟಕ್ಕೇ ಒಗ್ಗಿಹೋಗಿದ್ದರು. ಆದರೆ ಎಪ್ಪತ್ತರ ಹುಟ್ಟುಹಬ್ಬಕ್ಕೆ ಅತ್ತೆಗೆ ಸೊಸೆಯ ಕೈಯ ವಾಂಗೀಬಾತೇ ಬೇಕಿತ್ತು. ಬದನೆಕಾಯಿ ಹೆಚ್ಚುವ ವಿಷಯಕ್ಕೆ ಬೆಳಿಗ್ಗೆಯೇ ಇಬ್ಬರಿಗೂ ಮಾತಿಗೆ ಮಾತು ಬೆಳೆದು, ವಾರಿಜ ಆ ಸಿಟ್ಟಿನಲ್ಲೇ ಒಗ್ಗರಣೆ ಹಾಕಿದ್ದಳು. ಬಡಿಸುವ ಮೊದಲು ರುಚಿ ನೋಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ.

ಸಂಜೆ ಹಿತ್ತಲಿನ ಚಾಪೆಗಳ ಮೇಲೆ ನೆಂಟರು ಸಾಲಾಗಿ ಕೂತರು. ಅತ್ತೆ ಮೊದಲ ತುತ್ತು ನುಂಗಿದರು. ವಾರಿಜ ಸೌಟು ಹಿಡಿದು ಅವರ ಮುಖವನ್ನೇ ನೋಡುತ್ತ ನಿಂತಳು.

ಅತ್ತೆ ಬಾಯ್ತುಂಬ ಆಕಳಿಸಿದರು. ಮಾವ ಆಕಳಿಸಿದರು. ಆಕಳಿಕೆ ಸಾಲಿನ ಕೊನೆಯವರೆಗೂ ಹೋಯಿತು. ಸಿಟ್ಟು ಮಾತ್ರ ಯಾರ ಮುಖದಲ್ಲೂ ಕಾಣಲಿಲ್ಲ.

ಅತ್ತೆ ಊಟದ ನಡುವೆಯೇ ಎದ್ದು ಕೈ ತೊಳೆದುಕೊಂಡು ಬಂದು ಸೌಟು ಕಿತ್ತುಕೊಂಡರು.

“ಇಷ್ಟೊಂದು ಸುಸ್ತಾಗಿತ್ತಾ ನಿಂಗೆ? ಬಾಯಿಬಿಟ್ಟು ಹೇಳ್ಬಾರ್ದಿತ್ತಾ? ಕೂತ್ಕೋ, ನಾನು ಬಡಿಸ್ತೀನಿ.”