ಕಾಲು ಚಾಚುವ ಜಾಗ

ಮುಂದಿನ ಸೀಟಿನ ಬೆನ್ನಿನಿಂದ ಮಧ್ಯದ ಸೀಟಿನ ಅಂಚಿನವರೆಗೆ ನಂದೀಶ್ ಗೇಣು ಹಾಕಿ ಅಳೆದ. ಒಂದೂವರೆ ಗೇಣು. ಸಾಲದೆನಿಸಿತೋ ಏನೋ, ಮತ್ತೊಮ್ಮೆ ಅಳೆದ. ಮುಳಬಾಗಿಲು ರಸ್ತೆಯ ಆ ಹಳೇ ಗಾಡಿ ಮಾರುವ ಶೆಡ್ಡಿನಲ್ಲಿ ಸಾಲಾಗಿ ನಿಂತಿದ್ದವುಗಳಲ್ಲಿ ಇದೇ ದೊಡ್ಡದು. ಬಿಳಿ ಬಣ್ಣ, ಏಳು ಸೀಟು.

"ಲಾರಿ ಓಡಿಸೋರಿಗೆ ಯಾವ ಗಾಡಿ ತೋರಿಸಿದ್ರೂ ಇಕ್ಕಟ್ಟೇ ಅಣ್ಣ," ಶೆಡ್ಡಿನ ಮಾಲೀಕ ಉಮೇರ್ ನಕ್ಕ. "ಲಾರೀಲಿ ಚಕ್ಕಳಮಕ್ಕಳ ಹಾಕ್ಕೊಂಡು ಊಟ ಮಾಡ್ಬೋದು, ಹಿಂದ್ಗಡೆ ಮಲಗ್ಬೋದು, ಎಲ್ಲಾ ಸರಿ. ಒಂದು ಗುಂಡಿಗೆ ಬಿದ್ರೆ ಸೊಂಟ ಕಳಚಿ ಕೈಗೆ ಬರತ್ತೆ. ಇದ್ರಲ್ಲಿ ಕುತ್ಕೊಂಡು ನೋಡಿ, ಮನೆ ಸೋಫಾ!"

"ಜಾಗ ನನ್ ಲಾರೀಲೇ ಜಾಸ್ತಿ ಭಾಯ್. ಜಾಗಕ್ಕೇನೂ ಕಮ್ಮಿ ಇರ್ಲಿಲ್ಲ," ಎಂದ ನಂದೀಶ್.

ಅನಿತ ಗಂಡನ ಮುಖ ನೋಡಲಿಲ್ಲ. ಮಗಳು ದಿವ್ಯಳ ಕೈ ಹಿಡಿದು ನಿಂತಿದ್ದಳು. ಆರು ತಿಂಗಳ ಹಿಂದೆ ಗೌನಿಪಲ್ಲಿಯ ತೋಪಿನಲ್ಲಿ ಮಾವಿನ ಮರದಿಂದ ಬಿದ್ದು ಮಗುವಿನ ಬಲಗಾಲು ಮೊಣಕಾಲಿನ ಕೆಳಗೆ ಮುರಿದಾಗ, ಇಂಥದೇ ಬಿಳಿ ಗಾಡಿ ಮರದ ಬುಡಕ್ಕೆ ಬಂದು ನಿಂತಿತ್ತು. "ಹತ್ತಿಸ್ರೋ, ಕೋಲಾರದ ಆಸ್ಪತ್ರೆಗೆ ಬಿಡ್ತೀನಿ," ಎಂದು ತೋಪಿನ ಯಜಮಾನರೇ ಬಾಗಿಲು ತೆರೆದಿದ್ದರು. ಹಿಂದಿನ ಸೀಟಿನಲ್ಲಿ ಮಲಗಿಸಲು ಹೋದರೆ ಬಾಗಿಲು ಹಾಕಲಾಗಲಿಲ್ಲ. ಕಾಲು ಸ್ವಲ್ಪ ಮಡಿಸಬೇಕಾಯಿತು. ಆಗ ದಿವ್ಯ ಕಿರುಚಿದ್ದು ಅನಿತಳ ಕಿವಿಯಲ್ಲಿ ಇನ್ನೂ ಇದೆ.

ನಂದೀಶ್‌ಗೆ ತಡೆಯಲಾಗಲಿಲ್ಲ. "ಇದ್ರಲ್ಲಿ ಬೇಡ. ನನ್ ಲಾರೀಲಿ ಕಾಲು ಚಾಚ್ಕೊಂಡು ಮಲಗ್ತಾಳೆ," ಎಂದು ಎತ್ತಿಕೊಂಡು ಹೋಗಿ, ಡ್ರೈವರ್ ಸೀಟಿನ ಹಿಂದೆ ತಾನು ಮಲಗುವ ಜಾಗದಲ್ಲಿ ಕಂಬಳಿ ಹಾಸಿ ಮಲಗಿಸಿದ. ಲಾರಿ ಮಾವು ತುಂಬಿಕೊಂಡು ಆಂಧ್ರದ ಕಡೆ ಹೊರಟಿತ್ತು. ಗಡಿ ದಾಟಿದರೆ ಮೂಳೆಗೆ ನಾಟಿ ಕಟ್ಟು ಹಾಕುವವರಿದ್ದರು. ಊರಿನಲ್ಲಿ ಯಾರ ಕೈಕಾಲು ಮುರಿದರೂ ಹೋಗುತ್ತಿದ್ದದ್ದು ಅಲ್ಲಿಗೇ. ಅನಿತಳೂ ಬೇಡವೆನ್ನಲಿಲ್ಲ. ದಾರಿಯುದ್ದಕ್ಕೂ ದಿವ್ಯ ಮಂಪರಿನಲ್ಲಿ ಮಲಗಿದ್ದಳು. "ನೋಡು, ಎಷ್ಟು ಹಾಯಾಗಿದಾಳೆ," ಎಂದು ಅವನು ಮೂರು ಸಲ ಹೇಳಿದ್ದ.

ಇವತ್ತು ಬೆಳಿಗ್ಗೆ ಕೋಲಾರದ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಮೂಳೆ ಒಂದರ ಮೇಲೊಂದು ಏರಿ ಕೂಡಿಕೊಂಡಿದೆ ಎಂದರು. "ಎರಡು ಬೆರಳಿನಷ್ಟು ಗಿಡ್ಡ ಆಗಿದೆ. ಬಿದ್ದ ದಿನವೇ ಇಲ್ಲಿಗೆ ಬಂದಿದ್ರೆ..." ಎಂದು ನಿಲ್ಲಿಸಿದರು. ದಿವ್ಯ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಅವಳಿಗೆ ಇನ್ನೂ ಯಾರೂ ಹೇಳಿರಲಿಲ್ಲ. ಅಲ್ಲಿಂದ ಬಸ್‌ಸ್ಟ್ಯಾಂಡಿಗೆ ಹೋಗುವ ಬದಲು ನಂದೀಶ್ ಆಟೋದವನಿಗೆ ಈ ಶೆಡ್ಡಿನ ದಾರಿ ತೋರಿಸಿದ್ದ.

"ಲಾರಿ ಕೊಟ್ಬಿಡ್ತೀನಿ," ಎಂದ ಈಗ, ಸೀಟಿನ ಮೇಲೆ ಅಂಗೈ ಒತ್ತಿ ನೋಡುತ್ತ. "ಇದನ್ನೇ ಬಾಡಿಗೆಗೆ ಓಡಿಸ್ತೀನಿ. ಸ್ಕೂಲಿಗೂ ಇದ್ರಲ್ಲೇ ಬಿಡ್ತೀನಿ. ಇನ್ಮೇಲೆ ಇವಳು ಬಸ್ಸಲ್ಲಿ ನಿಂತ್ಕೊಂಡು ಹೋಗೋದು ಬೇಡ."

"ಅದೆಲ್ಲ ಈಗ ಯಾಕ್ರೀ?" ಅನಿತ ಮೆಲ್ಲಗೆ ಅಂದಳು. "ಮನೆಗೆ ಹೋಗೋಣ ಬನ್ನಿ. ಬೆಳಿಗ್ಗೆ ಒಂದು ಇಡ್ಲಿ ತಿಂದಿದ್ದು ಮಗು."

"ಅಪ್ಪ, ನಿನ್ ಸೀಟಲ್ಲಿ ಕುತ್ಕೊಳ್ಳಾ?" ಎಂದಳು ದಿವ್ಯ.

ಸ್ಟೇರಿಂಗ್ ಇರುವ ಸೀಟೆಲ್ಲ ಅವಳಿಗೆ ಅಪ್ಪನದೇ. ಮೂರು ವರ್ಷದವಳಿದ್ದಾಗಿನಿಂದ ಲಾರಿ ಹತ್ತಿ ಅಲ್ಲಿ ಕೂತು ಕಾಲಾಡಿಸುತ್ತಿದ್ದಳು. "ಎರಡು ಕಾಲೂ ಕೆಳಗೆ ತಾಗಿದ ದಿನ ಓಡಿಸೋದು ಹೇಳ್ಕೊಡ್ತೀನಿ ಕಣಮ್ಮ," ಎಂದು ನಂದೀಶ್ ಮಾತು ಕೊಟ್ಟಿದ್ದ. ಹನ್ನೆರಡು ತುಂಬಿದರೂ ಆ ಎತ್ತರದ ಸೀಟಿನಿಂದ ಅವಳ ಕಾಲು ಕೆಳಗೆ ಮುಟ್ಟಿರಲಿಲ್ಲ.

ದಿವ್ಯ ಬಾಗಿಲು ಹಿಡಿದು ಎಡಗಾಲಿನ ಮೇಲೆ ಭಾರ ಹಾಕಿ ಹತ್ತಿದಳು.

"ಎಟುಕಲ್ವಾ ಪುಟ್ಟಿ? ತಡಿ, ಇದು ಲಾರಿ ಅಲ್ಲ, ಇದ್ರಲ್ಲಿ ಸೀಟೇ ಇಳಿಯತ್ತೆ," ಎಂದು ಉಮೇರ್ ಸೀಟಿನ ಪಕ್ಕದ ಹಿಡಿಯನ್ನು ಒತ್ತಿದ. ಸೀಟು ಇಳಿಯಿತು. ಅವಳ ಎಡ ಚಪ್ಪಲಿ ಮ್ಯಾಟಿಗೆ ತಾಗಿತು.

"ಇನ್ನೂ ಸ್ವಲ್ಪ ಇಳಿಸಿ," ಎಂದ ನಂದೀಶ್.

"ಅಷ್ಟೇ ಅಣ್ಣ. ಇದಕ್ಕಿಂತ ಕೆಳಗೆ ಹೋಗಲ್ಲ."

ನಂದೀಶ್ ಬಾಗಿ ತಾನೇ ಒತ್ತಿದ. ಮತ್ತೆ ಒತ್ತಿದ. ತೂಗುತ್ತಿದ್ದ ಬಲಗಾಲನ್ನು ಕಂಡ ಉಮೇರ್ ಒಂದು ಹೆಜ್ಜೆ ಹಿಂದೆ ಸರಿದ. ದಿವ್ಯ ಅಪ್ಪನ ಬಗ್ಗಿದ ತಲೆಯನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಸೀಟಿನಲ್ಲಿ ಮೆಲ್ಲಗೆ ಬಲ ಮಗ್ಗುಲಿಗೆ ವಾಲಿ ಜಾರಿದಳು.

"ಅಪ್ಪ, ನೋಡು! ಎರಡೂ ತಾಗ್ತು!"

"ಹೂಂ ಕಣಮ್ಮ," ನಂದೀಶ್ ತಲೆ ಎತ್ತಲಿಲ್ಲ. "ತಾಗ್ತು."

ಅನಿತ ಗಾಡಿಯ ಮುಂದೆ ನಿಂತಿದ್ದಳು. ಗಾಜಿನಾಚೆ ಮಗಳು ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ನಗುತ್ತಿದ್ದಳು. ಅವಳ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿತ್ತು.