ಸರದಿಯಲ್ಲಿಲ್ಲದ ರೋಗಿ

"ಈ ತಾತನ ಹೃದಯ ಎರಡು ಸಲ ಹೇಗೆ ಬಂತೇ?" ಎಂದಳು ಅಕ್ಕ. ಸ್ಕ್ಯಾನ್ ಕೋಣೆಯಲ್ಲಿ ಎಲ್ಲರಿಗಿಂತ ಹಿರಿಯಳಾದ ಅವಳನ್ನು ಆಸ್ಪತ್ರೆಯವರೆಲ್ಲ ಕರೆಯುವುದೇ ಹಾಗೆ.

ಅವಳ ಜೊತೆ ಸ್ಕ್ಯಾನ್ ಮಾಡುವ ಕಿರಿಯಳು ಕಂಪ್ಯೂಟರಿನತ್ತ ಬಾಗಿದಳು. ಬೆಳಿಗ್ಗೆ ಬಂದ ವೃದ್ಧರ ಚಿತ್ರವನ್ನೇ ಆಮೇಲೆ ಬಂದ ಬಸುರಿಯ ಹೆಸರಿಗೂ ಸೇರಿಸಿಬಿಟ್ಟಿದ್ದಳು. ಡಾಕ್ಟರ ಕೈಗೆ ಇನ್ನೂ ಹೋಗಿರಲಿಲ್ಲ. ಹೋಗಿದ್ದರೆ?

"ಸರಿ ಮಾಡ್ತೀನಕ್ಕ. ಹಾಗೇ ಉಳಿದವರನ್ನೂ ಮುಗಿಸಿಬಿಡ್ತೀನಿ."

"ಊಟ?"

"ಮಾಡ್ತೀನಿ."

"ಊಟದ ಹೊತ್ತಲ್ಲಿ ಏನ್ಮಾಡ್ದೆ ಮತ್ತೆ?"

ಮಗಳ ಶಾಲೆಗೆ ಫೋನು, ಅತ್ತೆಯ ಮಾತ್ರೆಗೆ ಓಟ, ರಜೆ ಹಾಕಿದವಳ ಪಾಲಿನ ರೋಗಿಗಳು. ಒಂದು ಗಳಿಗೆಯನ್ನೂ ಪೋಲು ಮಾಡದವಳು ತಾನು ಎಂಬ ಹೆಮ್ಮೆ ಅವಳಿಗೆ. ಆದರೆ ಈಚೆಗೆ, ಇಳಿಯುವಾಗ ಮೆಟ್ಟಿಲು ತಪ್ಪಿದಂತೆ ಎದೆ ಧಸಕ್ಕೆನ್ನುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಈಗ ಬಾಯಿಬಿಟ್ಟಳು.

ಅಕ್ಕ ಎದ್ದು ಚಿಲಕ ಹಾಕಿದಳು. "ಮಲಗು."

"ಹೊರಗೆ ಜನ ಕಾಯ್ತಿದ್ದಾರೆ."

"ಹೃದಯ ಅದಲುಬದಲು ಮಾಡಿಸ್ಕೊಳ್ಳೋಕೆ ಯಾರೂ ಕಾಯ್ತಿಲ್ಲ. ಮಲಗು ಅಂದೆ."

"ಸ್ವಲ್ಪ ತಣ್ಣಗಿರುತ್ತೆ" ಎಂದು ದಿನವಿಡೀ ಎಲ್ಲರ ಎದೆಗೂ ಜೆಲ್ ಹಚ್ಚುವವಳಿಗೆ ಅದು ಎಷ್ಟು ತಣ್ಣಗಿರುತ್ತದೆಂದು ತಿಳಿದದ್ದು ಇವತ್ತೇ. ಅವಳು ಛಾವಣಿಯನ್ನೇ ನೋಡುತ್ತಿದ್ದಳು. ಏನಾದರೂ ಇದೆ ಎಂದುಬಿಟ್ಟರೆ ಮನೆಯ ಗತಿ? ಮಗಳ ಜಡೆ ಹಾಕುವವರು ಯಾರು?

"ಗಾಬರಿ ಬೀಳೋ ಅಂಥದ್ದೇನೂ ಕಾಣ್ತಿಲ್ಲ. ಡಾಕ್ಟರಿಗೂ ತೋರಿಸೋಣ. ಈ ಪರದೆ ಕಡೆ ತಿರುಗು, ನೋಡು."

ತಿರುಗಿದಳು. ಇಷ್ಟು ವರ್ಷ ಎಷ್ಟೋ ಜನರ ಹೃದಯವನ್ನು ಅಳೆದು, ಅಂಕಿ ಬರೆದು ಕಳಿಸಿದ್ದಳು. ಇದು ಅವಳದು. ತಾಯಿಯ ಹೊಟ್ಟೆಯ ಕತ್ತಲಲ್ಲಿ ಶುರುವಾದದ್ದು, ಅವಳು ಅತ್ತಾಗ, ಹೆತ್ತಾಗ, ಯಾರ ಮೇಲೋ ರೇಗಿದಾಗ, ಎಲ್ಲ ಮರೆತು ಮಲಗಿದಾಗಲೂ ಯಾರ ಅಪ್ಪಣೆಗೂ ಕಾಯದೆ ನಡೆದೇ ಇತ್ತು. ತೆಳ್ಳನೆಯ ಕವಾಟಗಳು ತೆರೆದು ಮುಚ್ಚಿ ತೆರೆಯುತ್ತಿದ್ದವು. ಅವಳ ಮೈ ಜುಮ್ಮೆಂದಿತು.

"ಹಿಂಡ್ತು ನೋಡು," ಎಂದಳು ಅಕ್ಕ ಮೆಲ್ಲಗೆ. "ಈಗ?"

"ಬಿಟ್ಟಿದೆ... ತುಂಬ್ಕೊಳ್ತಿದೆ."

"ತನ್ನ ಪಾಲಿನ ರಕ್ತದ ಊಟಾನೂ ಅದು ಮಾಡೋದು ಈ ಬಿಡುವಲ್ಲೇ. ಓಡಿಸ್ದಷ್ಟೂ ಮೊದಲು ಕಮ್ಮಿಯಾಗೋದೂ ಈ ಬಿಡುವೇ. ಪರೀಕ್ಷೇಲಿ ಬರೆದು ಪಾಸಾಗಿದ್ದೀಯಲ್ಲ ತಾಯಿ."

ಅದು ಹಿಂಡುತ್ತಿತ್ತು, ಬಿಡುತ್ತಿತ್ತು. ಹಿಂಡಿದ್ದಕ್ಕಿಂತ ಬಿಟ್ಟ ಹೊತ್ತೇ ಹೆಚ್ಚು.

ಯಾರೋ ಬಾಗಿಲು ಬಡಿದರು. ಅಕ್ಕ ಸ್ಕ್ಯಾನ್ ಸಾಧನ ಹಿಡಿದಿದ್ದ ಕೈಯನ್ನು ಅವಳ ಎದೆಯಿಂದ ತೆಗೆಯಹೋದಳು. ಕಿರಿಯಳು ಆ ಮಣಿಕಟ್ಟನ್ನು ಹಿಡಿದು ಅಲ್ಲೇ ಒತ್ತಿಕೊಂಡಳು.

"ಇನ್ನೊಂಚೂರು ಹೊತ್ತು ಇರ್ಲಿ ಅಕ್ಕ."