ಎಡೆಗಿಟ್ಟ ಸೋಡಾ

ಕಾಗೆ ಬರಲೇ ಇಲ್ಲ. ಕೆಂಪರಾಜುವನ್ನು ಮಣ್ಣು ಮಾಡಿದ ಗುಡ್ಡೆಗೆ ಹಾಲು ತುಪ್ಪ ಬಿಟ್ಟು, ಬಾಳೆ ಎಲೆಯಲ್ಲಿ ಎಡೆ ಇಟ್ಟು, ಮನೆಮಂದಿಯೆಲ್ಲ ಹೊಲದ ಬದುವಿನ ಹೊಂಗೆ ಮರದಡಿ ಸರಿದು ನಿಂತು ಎಷ್ಟೋ ಹೊತ್ತಾಗಿತ್ತು. ಸತ್ತವನಿಗೆ ಇಷ್ಟವಾದದ್ದೆಲ್ಲ ಎಲೆಯ ಮೇಲಿತ್ತು. ಮುದ್ದೆ, ಉಪ್ಸಾರು, ಚಕ್ಕುಲಿ, ಒಂದು ಕಟ್ಟು ಬೀಡಿ. ಪಕ್ಕದಲ್ಲೊಂದು ಸೋಡಾ ಬಾಟಲಿ. ಮಗ ಕೊನೆಗೆ ಬಾಯಿಬಿಟ್ಟು ಕೇಳಿದ್ದು ಅದನ್ನೇ, ಇಡದಿದ್ದರೆ ಅವನ ಜೀವ ಅದಕ್ಕೇ ಅಲೆಯುತ್ತದೆ ಎಂದು ಅಪ್ಪ ಜವರಯ್ಯ ದುದ್ದ ಊರಿನ ಅಂಗಡಿಯಿಂದ ತರಿಸಿದ್ದ. ಆ ಬಾಟಲಿ ಕಣ್ಣಿಗೆ ಬಿದ್ದಾಗಲೆಲ್ಲ ಕೆಂಪರಾಜುವಿನ ಹೆಂಡತಿ ಯಶೋದಮ್ಮ ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಯಾಕೆಂದರೆ ಗಂಡನ ಕೈಗೆ ಸೋಡಾ ಕೊಟ್ಟವಳು ಅವಳೇ. ಗೆಜ್ಜಲಗೆರೆಯ ಫ್ಯಾಕ್ಟರಿಯಿಂದ ಬಂದವನು ಬೈಕು ನಿಲ್ಲಿಸಿ, ಎದೆ ಉಜ್ಜಿಕೊಳ್ಳುತ್ತ ಗ್ಯಾಸು ಕಣೆ, ಒಂದು ಸೋಡಾ ಕೊಡು ಅಂದಿದ್ದ. ಇವಳು ನಿಂಬೆಹಣ್ಣು ಹಿಂಡಿ ಉಪ್ಪು ಹಾಕಿ ಕೊಟ್ಟಳು. ಕುಡಿದ, ತೇಗಿದ, ಈಗ ವಾಸಿ ಅಂತ ಮಲಗಿದ. ಮಲಗಿದವನು ಏಳಲಿಲ್ಲ. ನಿನ್ನೆ ಆಶಾ ಕಾರ್ಯಕರ್ತೆ ಅರ್ಪಿತ ಬಂದು ಏನಾಗಿತ್ತು ಎಂದು ಕೇಳಿದಾಗಲೂ ಮನೆಯವರೆಲ್ಲ ಒಂದೇ ಬಾಯಲ್ಲಿ ಗ್ಯಾಸು ಅಂದರು. ಆ ಹುಡುಗಿ ಹೋಗುವಾಗ ಯಶೋದಮ್ಮನನ್ನು ಹಿತ್ತಿಲಿಗೆ ಕರೆದು ಮೆಲ್ಲಗೆ ಹೇಳಿದಳು. ಗ್ಯಾಸಿಗೆ ಯಾರೂ ಸಾಯೋದಿಲ್ಲ ಅಕ್ಕ, ಅದು ಹಾರ್ಟು. ಬೆವರು ಕಿತ್ತುಕೊಂಡು ಬರೋದು, ದವಡೆ ನೋಯೋದು, ಎಡಗೈ ಜೋಮು ಹಿಡಿಯೋದು, ಎಲ್ಲ ಅದರದ್ದೇ ಗುರುತು. ಈಚೆಗೆ ನಮ್ಮ ಸುತ್ತಿನಲ್ಲಿ ಗ್ಯಾಸು ಗ್ಯಾಸು ಅಂತಲೇ ಹೋದ ಗಂಡಸರು ಬೇಕಾದಷ್ಟು ಜನ ಇದ್ದಾರೆ ಅಂದಳು. ಆಮೇಲೆ ಯಶೋದಮ್ಮನಿಗೆ ಕಣ್ಣಿಗೆ ಕಣ್ಣು ಹತ್ತಿದ್ದರೆ ಕೇಳಿ.

ಮರದಡಿ ಜವರಯ್ಯ ನೆಂಟರ ಮುಂದೆ ಈಗಿನ ಸಾವುಗಳ ಮಾತು ಎತ್ತಿದ್ದ. ಅವನ ಕಾಲದಲ್ಲಿ ಸಾವು ಅಂದರೆ ಬಾಣಂತಿ, ಹಸುಗೂಸು, ಇಲ್ಲವೇ ವಾಂತಿಭೇದಿ, ಹಾವು. ಅವೆಲ್ಲ ದಾಟಿದವನು ಹಣ್ಣುಹಣ್ಣಾಗಿ ಹೋಗುತ್ತಿದ್ದ. ಈಗ ಹೆರಿಗೆಗೆ ಹೋದವಳು ನಗುನಗುತ್ತಾ ಮನೆಗೆ ಬರುತ್ತಾಳೆ, ಮೀಸೆ ತಿರುವುವ ಗಂಡಸು ಉಂಡು ಮಲಗಿ ಹೋಗುತ್ತಾನೆ. ಮುದುಕ ಟವಲಿನಿಂದ ಮುಖ ಒರೆಸಿಕೊಂಡ.

ಯಶೋದಮ್ಮ ತಲೆ ಎತ್ತಿದ್ದು ಆಗಲೇ. ಎದುರಿಗೆ ಮೈದುನ ಜಯಪ್ರಕಾಶ, ಅಣ್ಣನಿಗೆ ಹಾಲು ತುಪ್ಪ ಬಿಟ್ಟವನು, ಮರಕ್ಕೆ ಒರಗಿ ನಿಂತಿದ್ದ. ತಣ್ಣನೆಯ ನೆರಳು, ಗಾಳಿ ಬೇರೆ ಬೀಸುತ್ತಿತ್ತು. ಆದರೂ ಅವನ ಹಣೆಯ ಮೇಲೆ ಬೆವರು ಇಳಿಯುತ್ತಿತ್ತು. ಒಂದು ಕೈ ದವಡೆಯ ಮೇಲಿತ್ತು.

"ಯಾಕಪ್ಪ ಜಯ, ಅಲ್ಲು ನೋವಾ?"

"ಏನಿಲ್ಲ ಅತ್ಗೆ. ಬೆಳಿಗ್ಗಿಂದ ಒಟ್ಟೆಗೇನೂ ಇಲ್ವಲ್ಲ, ಗ್ಯಾಸು."

ಯಶೋದಮ್ಮ ರಸ್ತೆಯ ಕಡೆ ನೋಡಿದಳು. ಹಾಲು ತುಪ್ಪಕ್ಕೆ ಬಂದಿದ್ದ ಗಂಡನ ಗೆಳೆಯ, ಮಂಡ್ಯದ ಮೆಕ್ಯಾನಿಕ್ ಶಫೀವುಲ್ಲಾನ ಕಾರು ಅಲ್ಲೇ ನಿಂತಿತ್ತು. ಮಾವನ ಹತ್ತಿರ ಹೋಗಿ, ಇವನನ್ನು ಈಗಲೇ ಆಸ್ಪತ್ರೆಗೆ ಕಳಿಸಿ ಎಂದು ಬೇಡಿಕೊಂಡಳು. ಜವರಯ್ಯ ಹುಬ್ಬು ಗಂಟಿಕ್ಕಿದ. ಹಾಲು ತುಪ್ಪ ಬಿಟ್ಟವನು ಕಾಗೆ ಮುಟ್ಟುವ ತನಕ ಕದಲುವಂತಿಲ್ಲ, ಕದಲಿದರೆ ದೊಡ್ಡವನು ಹಸಿದುಕೊಂಡೇ ಅಲೆಯುತ್ತಾನೆ. ಅಷ್ಟಕ್ಕೂ ಉಪವಾಸ ಇದ್ದವನಿಗೆ ಗ್ಯಾಸು ಬರದೆ ಇನ್ನೇನು ಬರುತ್ತದೆ? ನೆಂಟರೂ ಹೌದೌದು ಎಂದು ತಲೆಯಾಡಿಸಿದರು.

"ಚೀಲ್ದಾಗೆ ಇನ್ನೊಂದು ಸೋಡ ಐತೆ. ತಕ್ಕೊಡವ್ವ ಅವ್ನಿಗೆ" ಅಂದ ಜವರಯ್ಯ.

ಯಶೋದಮ್ಮ ಚೀಲಕ್ಕೆ ಕೈ ಹಾಕಿದಳು. ಬಾಟಲಿ ಕೈಗೆ ಬಂತು. ಜಯಪ್ರಕಾಶ ಕೈ ಚಾಚಿದ, ಥೇಟ್ ಅವನಣ್ಣ ಚಾಚಿದ ಹಾಗೆಯೇ. ಅವನ ಹೆಂಡತಿ ದೀಪಿಕ ಮನೆಯಲ್ಲಿ ನೆಂಟರ ಅಡುಗೆಗೆ ನಿಂತಿದ್ದಳು. ಅವಳಿಗೇನು ಗೊತ್ತು ಪಾಪ, ನಾಳೆ ಅವಳೂ ತನ್ನ ಹಾಗೇ ಕೂರಬೇಕೇ? ಯಶೋದಮ್ಮ ತಿರುಗಿ ದಡದಡ ಗುಡ್ಡೆಯ ಹತ್ತಿರಕ್ಕೆ ನಡೆದಳು. ಎಡೆ ಇಟ್ಟ ಮೇಲೆ ಅಲ್ಲಿಗೆ ಯಾರೂ ಕಾಲಿಡಬಾರದು. ಹಿಂದಿನಿಂದ ಯಾರೋ ಬೈದದ್ದೂ ಅವಳಿಗೆ ಕೇಳಿಸಿತು. ಮುಚ್ಚಳ ಕಿತ್ತು, ಬಲಗೈಯನ್ನು ಗುಡ್ಡೆಗೆ ಊರಿ ಬಗ್ಗಿ, ಇದ್ದಷ್ಟೂ ಸೋಡಾವನ್ನು ಹಸಿಮಣ್ಣಿನ ಮೇಲೆ ಸುರಿದುಬಿಟ್ಟಳು.

"ನಿಮ್ಮಣ್ಣನ್ಗೂ ಇದೇ ಕೈಲಿ ಕೊಟ್ಟೆ ಕಣಪ್ಪ. ಕುಡ್ದು ತೇಗಿ, ಈಗ ವಾಸಿ ಅಂತ ಮಲಗ್ದೋರು ಇಲ್ಲಿ ಮಲಗವ್ರೆ." ಆಮೇಲೆ ಮಾವನ ಕಡೆ ತಿರುಗಿದಳು. "ಮಾವ, ಓದ ಮಗ ಒಂದೊತ್ತು ಅಸ್ಕಂಡಿರ್ಲಿ. ಪಾಪ ಬಂದ್ರೆ ನಂಗೇ ಬರ್ಲಿ. ಇರೋ ಮಗನ್ನ ಕಳುಸ್ಕೊಡಿ."

ಜವರಯ್ಯ ಗುಡ್ಡೆಯನ್ನು ನೋಡಿದ. ಕಿರಿಯವನ ಮುಖವನ್ನು ನೋಡಿದ. ಅಷ್ಟರಲ್ಲಿ ಜಯಪ್ರಕಾಶ ಮರಕ್ಕೆ ಒರಗಿದ ಹಾಗೆಯೇ ಮೆಲ್ಲಗೆ ಕೆಳಕ್ಕೆ ಜಾರಿದ.

"ಸಫೀವುಲ್ಲ, ಕಾರು ತಗಿಯಪ್ಪ" ಅಂದ ಮುದುಕ. ಅಂದವನೇ ಮಗನ ಕಂಕುಳಿಗೆ ತಾನೇ ಕೈ ಕೊಟ್ಟ. ಆ ಗಡಿಬಿಡಿಯಲ್ಲಿ ಕಾಗೆ ಬಂತೋ ಬಿಟ್ಟಿತೋ, ನೋಡಿದವರು ಯಾರೂ ಇಲ್ಲ.

ಮಂಡ್ಯದ ಆಸ್ಪತ್ರೆಯಲ್ಲಿ ಇಸಿಜಿ ನೋಡಿದ ಡಾಕ್ಟರು ಕೂಡಲೇ ಸ್ಟ್ರೆಚರನ್ನು ಒಳಗೆ ತಳ್ಳಿಸಿದರು. ಯಶೋದಮ್ಮ ಬಾಗಿಲ ಹೊರಗೆ ಗೋಡೆಗೆ ಒರಗಿ ಕೂತಳು. ಜವರಯ್ಯ ಸೊಸೆಯ ಮುಖ ನೋಡಲಾರದೆ ಅತ್ತಿತ್ತ ತಿರುಗಾಡುತ್ತಿದ್ದ. ಸಂಜೆಯ ಹೊತ್ತಿಗೆ ನರ್ಸಮ್ಮ ಹೊರಗೆ ಬಂದು, ದೊಡ್ಡ ಹಾರ್ಟ್ ಅಟ್ಯಾಕೇ ಆಗಿದೆ, ಬೇಗ ಕರಕೊಂಡು ಬಂದದ್ದಕ್ಕೆ ಜೀವ ಉಳೀತು ಅಂದಳು. ಮುದುಕ ಇದ್ದಲ್ಲೇ ಕುಸಿದು ಕೂತು ಗಳಗಳ ಅತ್ತುಬಿಟ್ಟ.

"ನೋವು ಅಂದಾಗ ಮನೇಲಿ ಏನಾದ್ರೂ ಕೊಟ್ಟಿದ್ರಾ ಅಮ್ಮ?" ಅಂತ ನರ್ಸಮ್ಮ ಕೇಳಿದಳು.

ಯಶೋದಮ್ಮ ತನ್ನ ಬಲಗೈ ನೋಡಿಕೊಂಡಳು. ಬೆರಳ ಸಂದಿಯಲ್ಲಿ ಗುಡ್ಡೆಯ ಮಣ್ಣು ಇನ್ನೂ ಅಂಟಿಕೊಂಡಿತ್ತು.

"ಇಲ್ಲ ಕಣಮ್ಮ" ಅಂದಳು. "ಈ ಸಲ ಏನೂ ಕೊಡ್ಲಿಲ್ಲ."